ಎರಡು ಮಾರು ಹಿಂದೆ

ಮ್ಯಾರಥಾನ್ ಮುಗಿಸಿ ಬಂದ ಮರುದಿನ ನನಗೆ ಕಾಲು ನೋಯಲಿಲ್ಲ. ಇದಕ್ಕಿಂತ ಅವಮಾನದ ಸಂಗತಿ ನನ್ನ ಜೀವನದಲ್ಲಿ ಇನ್ನೊಂದಿಲ್ಲ.

ಬೆಳಿಗ್ಗೆ ಎದ್ದವನು ಹಾಸಿಗೆಯಲ್ಲೇ ಕೂತು ಮೊಣಕಾಲು ಒತ್ತಿ ನೋಡಿದೆ, ಮೀನಖಂಡ ಹಿಂಡಿ ನೋಡಿದೆ. ಏನೂ ಇಲ್ಲ. ಮೆಟ್ಟಿಲಿಳಿದೆ, ಹತ್ತಿದೆ, ಮತ್ತೆ ಇಳಿದೆ. ಹೆಂಡತಿ ಒಲೆಯ ಮೇಲೆ ಹಂಡೆ ನೀರು ಕಾಯಿಸಿ, ನೀಲಗಿರಿ ಎಣ್ಣೆಯ ಬಾಟಲಿ ಹಿಡಿದುಕೊಂಡು ಬಂದಳು. ನಲವತ್ತೆರಡು ಕಿಲೋಮೀಟರ್ ಓಡಿದ ಗಂಡನನ್ನು ಎರಡು ದಿನ ಎತ್ತಿ ಕೂರಿಸಬೇಕಾಗುತ್ತದೆ ಎಂದು ಯಾರೋ ಅವಳಿಗೆ ಹೇಳಿದ್ದರಂತೆ.

"ಎಲ್ಲಿ ನೋವು?" ಎಂದಳು.

"ಎಲ್ಲೂ ಇಲ್ಲ."

"ಹಂಗಾದ್ರೆ ಓಡಿದ್ದೆಂತ ಮತ್ತೆ?"

ತಮಾಷೆಗೆ ಅಂದದ್ದು. ಆ ದಿನವಿಡೀ ಅವಳ ಜೊತೆ ನಾನು ಮಾತಾಡಲಿಲ್ಲ. ಎಣ್ಣೆಯ ಬಾಟಲಿ ಮಾತ್ರ ಸಂಜೆಯವರೆಗೂ ಕಿಟಕಿಯ ಮೇಲೆ ಕೂತು ನನ್ನನ್ನು ಅಣಕಿಸುತ್ತಿತ್ತು.

ನಾನು ಬಣಕಲ್ ಹತ್ತಿರದ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೆ. ರೈಟರ್ ಅಂದರೆ ಕತೆ ಕಾದಂಬರಿ ಬರೆಯುವವನು ಅಂದುಕೊಳ್ಳಬೇಡಿ. ಬೆಳಿಗ್ಗೆ ಆಳುಗಳ ಹಾಜರಿ ಹಾಕಿ, ಯಾರು ಯಾವ ಕಡೆ ಕೆಲಸಕ್ಕೆ ಹೋಗಬೇಕೆಂದು ಹೇಳಿ, ಮೇಸ್ತ್ರಿಗೂ ಸಾಹುಕಾರರಿಗೂ ಮಧ್ಯೆ ನಿಂತು ಎರಡೂ ಕಡೆಯಿಂದ ಬೈಸಿಕೊಳ್ಳುವವನು ರೈಟರ್. ಆಲ್ದೂರಿನ ಕಡೆ ನಮ್ಮದೂ ಒಂದು ಚೂರು ತೋಟವಿತ್ತು. ಅಣ್ಣತಮ್ಮಂದಿರು ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ನಾಲ್ಕು ಸಾಲು ಗಿಡ ಬರುವಷ್ಟು. ಹಾಗಾಗಿ ತೊಂಬತ್ತರ ದಶಕದ ಶುರುವಿನಲ್ಲಿ, ಪಿಯುಸಿ ಮುಗಿಸಿದ ಮೇಲೆ, ನಾನು ಈ ಕೆಲಸಕ್ಕೆ ಸೇರಿದೆ.

ತೋಟದಲ್ಲಿ ಸಾಹುಕಾರರ ಜೊತೆ ನಡೆಯುವುದಕ್ಕೆ ಒಂದು ಕ್ರಮವಿದೆ. ನನಗೆ ಚಾರ್ಜು ಕೊಟ್ಟು ಹೋದ ಹಳೆಯ ರೈಟರು ಕೀಲಿಕೈ ಗೊಂಚಲಿನ ಜೊತೆಗೆ ಅದನ್ನೂ ಕೊಟ್ಟು ಹೋದರು. ರಸ್ತೆಯಲ್ಲಿ ಅವರಿಗಿಂತ ಎರಡು ಮಾರು ಹಿಂದೆ ಇರಬೇಕು. ಮೆಲ್ಲಗೆ ಕರೆದರೂ ಕೇಳಿಸುವಷ್ಟು ಹತ್ತಿರ, ಅವರು ಬೇರೆಯವರ ಹತ್ತಿರ ಆಡುವ ಮಾತು ಕೇಳಿಸದಷ್ಟು ದೂರ. ಅವರು ಬಾಯಿಬಿಟ್ಟು ಕರೆದರೆ ಓಡಿ ಹೋಗಬೇಕು. ಸುಮ್ಮನೆ ತಿರುಗಿ ನೋಡಿದರೆ ನಾವು ಮೈಮೇಲೆ ಬಿದ್ದ ಹಾಗೆ ಹತ್ತಿರ ಬಂದಿದ್ದೇವೆ ಎಂದು ತಿಳಿದು ಒಂದು ಹೆಜ್ಜೆ ತಡೆಯಬೇಕು. ಮಳೆಗಾಲದಲ್ಲಿ ಗಿಡಗಳ ನಡುವಿನ ಕಾಲುದಾರಿಯಲ್ಲಿ ಮಾತ್ರ ರೈಟರು ಮುಂದೆ. ಎಲೆಯ ಮೇಲಿನ ನೀರೆಲ್ಲ ನಮ್ಮ ಮೈಗೆ ಇಳಿದು, ಜೇಡರ ಬಲೆಯೆಲ್ಲ ನಮ್ಮ ಮುಖಕ್ಕೆ ಅಂಟಿ, ಅವರಿಗೆ ದಾರಿ ಒಣಗಿರಲಿ ಅಂತ. "ಇಷ್ಟು ಗೊತ್ತಿದ್ರೆ ಇಲ್ಲಿ ಇಪ್ಪತ್ತು ವರ್ಷ ಇರ್ಬಹುದು ನೋಡು," ಎಂದಿದ್ದರು ಹಳೆಯ ರೈಟರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ನಮ್ಮ ಸಾಹುಕಾರರು ಕೆಟ್ಟವರಾಗಿದ್ದರೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು. ಅವರು ಕೆಟ್ಟವರಲ್ಲ. ನನ್ನ ಹೆಂಡತಿಗೆ ಹೆರಿಗೆ ನೋವು ಬಂದಾಗ ಡ್ರೈವರ್ ಇಲ್ಲವೆಂದು ತಾವೇ ಜೀಪು ಓಡಿಸಿಕೊಂಡು ಮೂಡಿಗೆರೆ ಆಸ್ಪತ್ರೆಗೆ ಮುಟ್ಟಿಸಿದವರು. ಮಗಳು ಹುಟ್ಟುವವರೆಗೂ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಆ ಹಂಗು ನನ್ನ ಮೇಲಿತ್ತು. ಅವರು ಅದನ್ನು ಎಂದೂ ಎತ್ತಿ ಆಡಲಿಲ್ಲ, ಅದರಿಂದಾಗಿ ಅದು ಇನ್ನಷ್ಟು ಭಾರವಾಯಿತು.

ಓಟ ನನಗೆ ಮೊದಲಿನಿಂದ ಇತ್ತು. ಹೈಸ್ಕೂಲಿನಲ್ಲಿ ನಮ್ಮ ಡ್ರಿಲ್ ಮೇಷ್ಟ್ರು, "ಇವ್ನು ಓಡೋದನ್ನ ಒಂದಿನ ಸರಿಯಾದ ಗಡಿಯಾರ ಇಟ್ಟು ನೋಡ್ಬೇಕು ಮಾರಾಯ್ರೆ," ಎಂದು ಇನ್ನೊಬ್ಬ ಮೇಷ್ಟ್ರ ಹತ್ತಿರ ಹೇಳುತ್ತಿದ್ದರು. ಸರಿಯಾದ ಗಡಿಯಾರ ಸಿಗುವ ಮೊದಲೇ ಅವರಿಗೆ ವರ್ಗವಾಯಿತು. ಆ ಮಾತು ನನ್ನಲ್ಲಿ ಉಳಿದುಕೊಂಡಿತು. ತೋಟ ಎರಡು ತುಂಡಾಗಿತ್ತು, ಹೆದ್ದಾರಿಯ ಮೇಲೊಂದು, ಕೆಳಗೆ ಹಳ್ಳದ ಆಚೆಗೊಂದು. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ದಿನಕ್ಕೆ ಎಷ್ಟೋ ಸಲ ಹೋಗಬೇಕು. ನಾನು ನಡೆಯುತ್ತಲೇ ಇರಲಿಲ್ಲ, ಓಡುತ್ತಿದ್ದೆ. ಆಳುಗಳ ಲೈನ್ ಮನೆಯ ಹೆಂಗಸರು, "ರೈಟ್ರ ಹಿಂದೆ ಆನೆ ಬಿತ್ತು," ಎಂದು ನಗುತ್ತಿದ್ದರು.

ಎರಡು ಸಾವಿರ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಸಾಹುಕಾರರಿಗೆ ಚಿಕ್ಕಮಗಳೂರಿನ ಡಾಕ್ಟರು ರಕ್ತದಲ್ಲಿ ಕೊಬ್ಬು ಜಾಸ್ತಿ, ಮೈ ಬೆವರಿಸಿ ಎಂದರು. ಅದೇ ಹೊತ್ತಿಗೆ ಬೆಂಗಳೂರಿನಲ್ಲಿದ್ದ ಅವರ ದಾಯಾದಿಯೊಬ್ಬರು ಮ್ಯಾರಥಾನ್ ಓಡಿ ಬಂದು, ಕ್ಲಬ್ಬಿನಲ್ಲಿ ಎಲ್ಲರ ಮುಂದೆ, "ನಿನ್ ಕೈಲಿ ಆಗಲ್ಲ ಬಿಡು," ಎಂದರಂತೆ. ಡಾಕ್ಟರ ಮಾತಿಗಿಂತ ದಾಯಾದಿಯ ಮಾತು ಬೇಗ ನಾಟಿತು. ಮರುದಿನ ಹಾಜರಿಯ ಹೊತ್ತಿಗೆ ಸಾಹುಕಾರರು ಬಂದು, "ನೀನು ಹೇಗೂ ಓಡ್ತೀಯಲ್ಲ ಮಾರಾಯ, ನನ್ ಜೊತೆ ಬಾ. ಮ್ಯಾರಥಾನಿಗೆ ಹೋಗಾಣ," ಎಂದರು. ಮುಂದಿನ ವಾರ ಮಂಗಳೂರಿನಿಂದ ಎರಡು ಜೊತೆ ಬೂಟು ಬಂತು. ಒಂದು ಅವರಿಗೆ, ಒಂದು ನನಗೆ. ನನ್ನ ಕಾಲಿನ ಅಳತೆಯನ್ನು ಹೆಂಡತಿಯ ಹತ್ತಿರ ಗುಟ್ಟಾಗಿ ಕೇಳಿ ತಿಳಿದುಕೊಂಡಿದ್ದರು. ಅಂಥ ಬೂಟನ್ನು ನಾನು ಅದುವರೆಗೆ ಮುಟ್ಟಿಯೂ ನೋಡಿರಲಿಲ್ಲ.

ಆ ಮಳೆಗಾಲವಿಡೀ ಬೆಳಿಗ್ಗೆ ಕೊಟ್ಟಿಗೆಹಾರದ ರಸ್ತೆಯಲ್ಲಿ ಓಡಿದೆವು. ಅವರು ಮುಂದೆ, ನಾನು ಎರಡು ಮಾರು ಹಿಂದೆ. ಹಾಗೆ ಓಡು ಎಂದು ಅವರು ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಹದಿನೈದು ವರ್ಷ ಆ ಬೆನ್ನನ್ನು ನೋಡಿಕೊಂಡೇ ನಡೆದ ಕಾಲು ಬೇರೆ ಏನು ಮಾಡೀತು? ಮಂಜಿನಲ್ಲಿ ಅವರ ಬೆನ್ನು ಕಾಣದೇ ಹೋದರೂ ಬೂಟಿನ ಸದ್ದಿನ ಮೇಲೆ ನಾನು ಅಂತರ ಕಾಯುತ್ತಿದ್ದೆ.

ಭಾನುವಾರ ರಜೆ. ಅಂದು ನಾನೊಬ್ಬನೇ ಓಡುತ್ತಿದ್ದೆ. ಮೊದಲ ಭಾನುವಾರವೇ ನನಗೆ ಗೊತ್ತಾಯಿತು, ವಾರವಿಡೀ ಓಡಿದ್ದು ಓಟವೇ ಅಲ್ಲ ಅಂತ. ಬೆನ್ನು ಮುಂದೆ ಇಲ್ಲದಿದ್ದರೆ ಕಾಲು ಬೇರೆಯೇ ಲೆಕ್ಕದಲ್ಲಿ ಹೋಗುತ್ತದೆ. ಏರಿನಲ್ಲೂ ಉಸಿರು ಕಟ್ಟುತ್ತಿರಲಿಲ್ಲ. ಧರ್ಮಸ್ಥಳದ ಬಸ್ಸುಗಳು ತಿರುವುಗಳಲ್ಲಿ ನನ್ನನ್ನು ದಾಟಲು ಹಾರ್ನ್ ಹೊಡೆಯಬೇಕಾಗುತ್ತಿತ್ತು. ಮನೆಗೆ ಬಂದು ಮೈ ಒರೆಸಿಕೊಳ್ಳುವಾಗ ಒಂದೇ ಆಸೆ. ಮ್ಯಾರಥಾನ್ ಮುಗಿಯುವ ಜಾಗದಲ್ಲಿ ಗೋಡೆಯಷ್ಟು ದೊಡ್ಡ ಗಡಿಯಾರ ಇಡುತ್ತಾರಂತೆ. ಆ ಗಡಿಯಾರಕ್ಕೆ ನಾನು ಯಾರ ಕಡೆಯ ಆಳು ಅಂತ ಗೊತ್ತಿರುವುದಿಲ್ಲ. 'ಒಳ್ಳೇ ರೈಟರು', 'ನಂಬಿಕೆಯ ಮನುಷ್ಯ' ಎಂದೆಲ್ಲ ಬೇರೆಯವರ ಬಾಯಿಂದ ಕೇಳಿ ಬದುಕಿದವನು ನಾನು. ಒಂದೇ ಒಂದು ಸಲ, ಯಾರ ದಯೆಯೂ ಇಲ್ಲದೆ, ನನ್ನ ಬೆಲೆ ಎಷ್ಟು ಎಂದು ಆ ಗಡಿಯಾರದಿಂದ ಹೇಳಿಸಿಕೊಳ್ಳಬೇಕಿತ್ತು. ನನಗೆ ಬೇಕಾದದ್ದು ಅಷ್ಟೇ.

ಕೊಯ್ಲು ಶುರುವಾಗುವ ಮುಂಚೆ ಓಟ ಬಂತು. ಹಿಂದಿನ ದಿನ ಜೀಪಿನಲ್ಲಿ ಬೆಂಗಳೂರಿಗೆ ಹೊರಟೆವು. ಬೇಲೂರು ದಾಟಿದಾಗಿನಿಂದ ನಾನು ಒಂದು ವಾಕ್ಯವನ್ನು ಬಾಯಿಪಾಠ ಮಾಡುತ್ತಿದ್ದೆ. 'ಸಾವ್ಕಾರ್ರೆ, ನಾಳೆ ಒಂದಿನ ನಾನು ಮುಂದೆ ಹೋಗ್ಲಾ?' ಹಾಸನ ಬಂತು, ಚನ್ನರಾಯಪಟ್ಟಣ ಬಂತು, ನೆಲಮಂಗಲವೂ ಬಂತು. ವಾಕ್ಯ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು. ರಾತ್ರಿ ಅವರ ನೆಂಟರ ಮನೆಯಲ್ಲಿ ಊಟವಾದ ಮೇಲೆ ಅವರೇ ನನ್ನ ಬೆನ್ನು ತಟ್ಟಿ, "ಗಾಬರಿ ಆಗ್ಬೇಡ. ಒಟ್ಟಿಗೆ ಹೋಗಾಣ," ಎಂದರು. ನಾನು "ಹ್ಞೂಂ" ಎಂದೆ. ವಾಕ್ಯವನ್ನು ನುಂಗಿಕೊಂಡೆ.

ಓಟದ ಬಗ್ಗೆ ಹೇಳುವುದು ಬಹಳ ಇಲ್ಲ. ಶುರುವಿನಲ್ಲಿ ಸಾಹುಕಾರರು ಚೆನ್ನಾಗಿಯೇ ಹೊರಟರು. ನಾನು ಹಿಂದೆ. ಸುತ್ತ ಸಾವಿರಾರು ಜನ, ಯಾರು ಯಾರ ಹಿಂದೆ ಇದ್ದಾರೆ ಎಂದು ಕೇಳುವವರಿಲ್ಲ, ಆದರೂ ನಾನು ಆ ಸಂತೆಯಂಥ ಗದ್ದಲದಲ್ಲಿ ಎರಡು ಮಾರು ಅಂತರ ಕಾಯ್ದುಕೊಂಡೇ ಹೋದೆ. ಸ್ವಲ್ಪ ಹೊತ್ತಾದ ಮೇಲೆ ಅವರು ತಿರುಗಿ ನೋಡಿದರು. ಕರೆಯಲಿಲ್ಲ. ಹತ್ತಿರವಾಯಿತೇನೋ ಎಂದು ನಾನು ನಿಧಾನಿಸಿದೆ. ಇನ್ನೊಂದಷ್ಟು ದೂರ ಹೋಗಿ ಮತ್ತೆ ನೋಡಿದರು. ನಾನು ಮತ್ತೆ ನಿಧಾನಿಸಿದೆ. ಅವರ ಓಟವೂ ಇಳಿಯುತ್ತಾ ಬಂತು. ಸುಸ್ತಾಯಿತು ಪಾಪ ಅಂದುಕೊಂಡೆ. ಆಗಿನ್ನೂ 'ಪಾಪ' ಎನ್ನುವಷ್ಟು ಒಳ್ಳೆಯತನ ನನ್ನಲ್ಲಿ ಉಳಿದಿತ್ತು.

ಹಸಿರು ಬನಿಯನ್ನಿನ ಒಬ್ಬ ಮನುಷ್ಯ ನನ್ನ ಪಕ್ಕಕ್ಕೆ ಬಂದು ಸ್ವಲ್ಪ ದೂರ ಜೊತೆಯಲ್ಲೇ ಓಡಿದ. ನನ್ನದೇ ವಯಸ್ಸು, ದಾವಣಗೆರೆ ಕಡೆಯ ಮಾತು. "ನಿಮ್ ಉಸಿರೇ ಕೇಳಿಸ್ತಿಲ್ಲಲ್ರೀ. ಹಿಂಗ್ಯಾಕೆ ತೆವಳ್ತೀರಿ? ಬರ್ರಿ ನನ್ ಜೋಡಿ," ಎಂದ. "ಇಲ್ಲ, ನಮ್ಮೋರಿದ್ದಾರೆ ಮುಂದೆ," ಎಂದೆ. ಅವನು ಮುಂದೆ ನೋಡಿದ, ನನ್ನನ್ನು ನೋಡಿದ, ಏನೂ ಅರ್ಥವಾಗದೆ ಹೊರಟುಹೋದ. ಆ ಹಸಿರು ಬನಿಯನ್ನು ಮರೆಯಾಗುವವರೆಗೂ ನೋಡಿದೆ. ಆಮೇಲೆ ದಾಟಿದವರನ್ನು ನೋಡುವುದನ್ನೇ ಬಿಟ್ಟೆ. ಹೆಂಗಸರು ದಾಟಿದರು, ಕಾಲೇಜು ಹುಡುಗರು ದಾಟಿದರು, ಹವಾಯಿ ಚಪ್ಪಲಿ ಹಾಕಿದ್ದ ಮುದುಕರೊಬ್ಬರೂ ದಾಟಿದರು. ಮೂವತ್ತು ಕಿಲೋಮೀಟರಿನ ಹಲಗೆ ಬಂದಾಗ ನನಗೆ ನಿಜಕ್ಕೂ ಅಳು ಬಂತು. ಮೈಯಲ್ಲಿ ಅಷ್ಟು ಶಕ್ತಿ ಇಟ್ಟುಕೊಂಡು ಅದನ್ನು ಬಿಗಿಹಿಡಿಯುವ ಕಷ್ಟ ಗೊತ್ತಿಲ್ಲದವರಿಗೆ ಹೇಳಿ ತಿಳಿಸಲಾಗುವುದಿಲ್ಲ. ಸಾಹುಕಾರರು ಆಗಲೂ ತಿರುಗಿ ನೋಡಿದರು.

ಕೊನೆಗೆ ಗಡಿಯಾರ ಕಂಡಿತು. ಓಟ ಶುರುವಾಗಿ ಐದು ಗಂಟೆ ದಾಟಿ ಎಷ್ಟೋ ಹೊತ್ತಾಗಿತ್ತು. ಅವರು ಎರಡೂ ಕೈ ಎತ್ತಿಕೊಂಡು ಗೆರೆ ದಾಟಿದರು, ಅವರ ಹಿಂದೆ ನಾನು ದಾಟಿದೆ. ಅವರು ತಿರುಗಿ ನನ್ನನ್ನು ತಬ್ಬಿಕೊಂಡು, "ಮುಗಿಸ್ದೆಯಲ್ಲ ಮಾರಾಯ, ಸಾಕು," ಎಂದರು. ಅವರ ಕಣ್ಣಲ್ಲಿ ನೀರಿತ್ತು. ಪದಕ ಹಾಕುವ ಹುಡುಗಿ ಇಬ್ಬರಿಗೂ ಒಂದೇ ನಗು ನಕ್ಕಳು. ಪಕ್ಕದ ಶಾಮಿಯಾನದ ಕೆಳಗೆ ಹಸಿರು ಬನಿಯನ್ನಿನವನು ಬಟ್ಟೆ ಬದಲಿಸಿ, ತಲೆ ಬಾಚಿಕೊಂಡು ಉಪ್ಪಿಟ್ಟು ತಿನ್ನುತ್ತಿದ್ದ. ನನ್ನನ್ನು ಕಂಡು, "ನಿಮ್ಮೋರು ಸಿಕ್ರೇನ್ರೀ?" ಎಂದು ಕೇಳಿದ.

ವಾಪಸು ಬರುವಾಗ ಸಾಹುಕಾರರು ಫೋನಿನಲ್ಲಿ ಎಲ್ಲರಿಗೂ ಸುದ್ದಿ ಕೊಡುತ್ತಿದ್ದರು. "ಮುಗೀತು ಮಾರಾಯ. ನಮ್ ರೈಟ್ರನ್ನೂ ಮುಗಿಸ್ದೆ." ಹಿಂದಿನ ಸೀಟಿನಲ್ಲಿ ಕೂತು ನಾನು ಪದಕವನ್ನು ಜೇಬಿಗೆ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ರಸ್ತೆ ಬದಿಯ ಹೋಟೆಲಿನಲ್ಲಿ ಇಳಿಯುವಾಗ ಅವರಿಗೆ ಕಾಲು ಮಡಚಲಾಗದೆ ನನ್ನ ಹೆಗಲು ಹಿಡಿದುಕೊಂಡರು. ನಾನು ನೆಟ್ಟಗೆ ನಿಂತಿದ್ದೆ. ಆ ನೋವಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಊರಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ. "ಎಷ್ಟನೇ ಪ್ರೈಸು?" ಪ್ರೈಸಲ್ಲ, ಮುಗಿಸಿದವರಿಗೆಲ್ಲ ಕೊಡುತ್ತಾರೆ ಎಂದು ಹೇಳಿ ಹೇಳಿ ಬಾಯಿ ಸೋತಿತು. "ಓ, ಆಗಸ್ಟ್ ಹದಿನೈದಕ್ಕೆ ಸ್ಕೂಲಲ್ಲಿ ಮಿಠಾಯಿ ಕೊಟ್ಟಂಗೆ," ಎಂದರು ಬಣಕಲ್ಲಿನ ಅಂಗಡಿಯವರು. ಅಷ್ಟು ಸರಿಯಾಗಿ ನನಗೂ ಹೇಳಲು ಬಂದಿರಲಿಲ್ಲ. ಹೆಂಡತಿ ಪದಕವನ್ನು ಕ್ಯಾಲೆಂಡರಿನ ಪಕ್ಕದ ಮೊಳೆಗೆ ನೇತುಹಾಕಿದಳು. ನಾನು ತೆಗೆದು ಬೀರುವಿನಲ್ಲಿಟ್ಟೆ. ಅವಳು ಮತ್ತೆ ನೇತುಹಾಕಿದಳು. ಕೊನೆಗೆ ಅದು ಮೊಳೆಯ ಮೇಲೇ ಉಳಿಯಿತು, ನಾನು ಆ ಗೋಡೆಗೆ ಬೆನ್ನು ಹಾಕಿ ಊಟಕ್ಕೆ ಕೂರಲು ಶುರುಮಾಡಿದೆ.

ಕೊಯ್ಲು ಮುಗಿದ ದಿನ ಕಾಫಿ ಒಣಗಿಸುವ ಕಣದಲ್ಲಿ ಆಳುಗಳಿಗೆಲ್ಲ ಊಟ ಹಾಕುವುದು ವಾಡಿಕೆ. ಆ ವರ್ಷ ಸಾಹುಕಾರರ ಕ್ಲಬ್ಬಿನ ಸ್ನೇಹಿತರೂ ಬಂದಿದ್ದರು, ಆ ದಾಯಾದಿಯೂ ಇದ್ದರು. ನಾನು ಬಡಿಸುತ್ತಿದ್ದೆ. ಸಾಹುಕಾರರು ಓಟದ ಕತೆ ತೆಗೆದರು. "ಮೂವತ್ತು ಕಿಲೋಮೀಟರ್ ಆದ್ಮೇಲೆ ಇವ್ನ ಮುಖ ನೋಡ್ಬೇಕಿತ್ತು ನೀವು. ನಾನಿಲ್ದಿದ್ರೆ ಅಲ್ಲೇ ಕೂತ್ಬಿಡ್ತಿದ್ದ. ಅಲ್ವೇನೋ?" ಎಂದು ನನ್ನ ಕಡೆ ತಿರುಗಿದರು. ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕ. ನನ್ನ ಕೈಯಲ್ಲಿ ಸಾರಿನ ಬಕೆಟ್ಟಿತ್ತು.

"ಹೌದು ಸಾವ್ಕಾರ್ರೆ," ಎಂದೆ.

ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನನ್ನ ಓಟ ತೆಗೆದುಕೊಂಡದ್ದು ಸಾಲದೆಂದು ಈಗ ನನ್ನನ್ನು ಹೊತ್ತುಕೊಂಡು ಬಂದ ಪುಣ್ಯವನ್ನೂ ತೆಗೆದುಕೊಂಡರಲ್ಲ ಎಂದು ಒಳಗೇ ಕುದಿದೆ. ಅಂದಿನಿಂದ ನಾನು ಅವರನ್ನು ದ್ವೇಷಿಸಿದೆ. ಒಂದೇ ಮಾತಿನಲ್ಲಿ ಹೇಳುವುದಾದರೆ ಅಷ್ಟೇ. ಹಾಜರಿ ಸರಿಯಾಗಿ ಹಾಕಿದೆ, ಕರೆದಾಗ ಓಡಿದೆ, ಹಬ್ಬಕ್ಕೆ ಅವರು ಕೊಟ್ಟ ಬಟ್ಟೆ ಹೊಲಿಸಿ ತೊಟ್ಟೆ. ಒಳಗೆ ಮಾತ್ರ ಎಡೆಬಿಡದೆ ಬೈಯುತ್ತಿದ್ದೆ.

ಒಂದು ರಾತ್ರಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತಾ ಕೇಳಿಸಿಕೊಂಡಳು. "ಅವ್ರೇನು ನಿಮ್ಮನ್ನ ಹಗ್ಗ ಹಾಕಿ ಕಟ್ಟಿದ್ರಾ?" ಎಂದಳು.

"ನಿಂಗೆ ಗೊತ್ತಾಗಲ್ಲ."

"ಒಂದು ಮಾತು ಕೇಳ್ಬಹುದಿತ್ತಲ್ಲ. ಬೇಡ ಅನ್ನೋರಲ್ಲ ಅವ್ರು."

ಅವಳ ಮೇಲೂ ಸಿಟ್ಟು ಬಂತು. ಗಾಯದ ಮೇಲೆ ಬರೆ ಎಳೆಯಲು ಮನೆಯವರೇ ಆಗಬೇಕು. ಕೇಳಬಹುದಿತ್ತು ಎನ್ನುವುದು ನಿಜ. ಆದರೆ ಬೇಲೂರಿನಿಂದ ನೆಲಮಂಗಲದವರೆಗೆ ಆ ವಾಕ್ಯ ಯಾಕೆ ಬಾಯಿಂದ ಹೊರಗೆ ಬರಲಿಲ್ಲ ಎಂದು ಅವಳಿಗೆ ಹೇಗೆ ಹೇಳುವುದು? ಅದನ್ನು ಕೇಳಿದರೆ ಆಸ್ಪತ್ರೆಯ ಬೆಂಚು ನೆನಪಾಗುತ್ತಿತ್ತು, ಬೂಟು ನೆನಪಾಗುತ್ತಿತ್ತು. ನನ್ನನ್ನು ಕಟ್ಟಿದ ಹಗ್ಗ ಅವಳ ಕಣ್ಣಿಗೆ ಕಾಣುವಂಥದ್ದಾಗಿರಲಿಲ್ಲ.

ಸಮಾಧಾನಕ್ಕೆ ಒಂದು ದಾರಿ ಹುಡುಕಿದೆ. ಯಾವ ಗಡಿಯಾರವೂ ಬೇಡ, ನಾನೇ ಕೈಗಡಿಯಾರ ಕಟ್ಟಿಕೊಂಡು ಅಷ್ಟೂ ದೂರ ಒಂದು ಭಾನುವಾರ ಒಬ್ಬನೇ ಓಡಿಬಿಡುವುದು. ರಸ್ತೆ ಬದಿಯ ಮೈಲಿಗಲ್ಲುಗಳ ಲೆಕ್ಕ ಹಾಕಿ, ಬಣಕಲ್ಲಿನಿಂದ ಮೂಡಿಗೆರೆ ದಾಟಿ ಬೇಲೂರಿನ ಕಡೆಗೆ ಹೊರಟೆ. ಮೈಗೆ ರೆಕ್ಕೆ ಬಂದ ಹಾಗಿತ್ತು. ಅರ್ಧಕ್ಕಿಂತ ಹೆಚ್ಚು ದೂರ ಹೋಗಿದ್ದೆ, ನನ್ನ ಲೆಕ್ಕ ನನಗೇ ನಂಬಲಾಗದಷ್ಟು ಚೆನ್ನಾಗಿತ್ತು. ಆಗ ಹಿಂದಿನಿಂದ ಬಂದ ಬಸ್ಸು ನನ್ನ ಪಕ್ಕದಲ್ಲೇ ನಿಂತಿತು. ಕಂಡಕ್ಟರು ಪರಿಚಯದವರು. ಬಾಗಿಲಲ್ಲಿ ಬಗ್ಗಿ, "ಎಂತ ರೈಟ್ರೆ, ಬಸ್ ತಪ್ಪಿತಾ? ಕೂಗಬಾರ್ದಾ? ಹತ್ತಿ ಹತ್ತಿ, ನಿಮಗೋಸ್ಕರ ನಿಲ್ಸಿದ್ದು," ಎಂದರು. ಬಸ್ಸಿನ ತುಂಬ ಜನ ಕಿಟಕಿಯಿಂದ ನೋಡುತ್ತಿದ್ದರು. ಪಾಪ, ಯಾರಿಗೋ ಏನೋ ಆಗಿರಬೇಕು, ಅದಕ್ಕೇ ಹೀಗೆ ಓಡುತ್ತಿದ್ದಾರೆ ಎಂದು ಒಬ್ಬಾಕೆ ಸೀಟು ಬಿಟ್ಟು ಜರುಗಿದಳು.

ನಾನು ಬಸ್ಸು ಹತ್ತಿದೆ.

ಯಾಕೆ ಹತ್ತಿದೆ ಎಂದು ಕೇಳಬೇಡಿ. ಅಷ್ಟು ಜನ ನನಗಾಗಿ ಕಾಯುತ್ತಿರುವಾಗ, 'ಇಲ್ಲ, ನಾನು ಸುಮ್ಮನೆ ಓಡುತ್ತಿದ್ದೇನೆ' ಎನ್ನಲು ಬಾಯಿ ಬರಲಿಲ್ಲ. ಬೇಲೂರಿನಲ್ಲಿ ಇಳಿದು, ಒಂದು ಟೀ ಕುಡಿದು, ಅದೇ ಬಸ್ಸಿನಲ್ಲಿ ವಾಪಸು ಬಂದೆ. ಆಮೇಲೆ ಬೂಟನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಮುಂದಿನ ವರ್ಷ ಸಾಹುಕಾರರು, "ಈ ಸಲನೂ ಹೋಗಾಣ?" ಎಂದಾಗ ಮೊಣಕಾಲು ನೋವು ಎಂದೆ. "ನೀನಿಲ್ದೆ ನಾನೊಬ್ನೇ ಎಂತಕ್ಕೆ," ಎಂದು ಅವರೂ ಬಿಟ್ಟರು. ಮನೆಗೆ ಬಂದು ಆ ಮಾತನ್ನೂ ಅವರ ಅಪರಾಧಗಳ ಸಾಲಿಗೆ ಸೇರಿಸಿದೆ. ಒಬ್ಬನೇ ಹೋಗಲೂ ಧೈರ್ಯವಿಲ್ಲದ ಮನುಷ್ಯನ ಹಿಂದೆ ನನ್ನ ಓಟ ಹಾಳಾಯಿತಲ್ಲ ಎಂದು.

ಈ ಸಿಟ್ಟಿನಿಂದ ನನಗೆ ಉಪಕಾರವೂ ಆಯಿತೆಂದು ಹೇಳಬೇಕು. ಪದಕ ನೋಡಿದಾಗಲೆಲ್ಲ, ಇದು ನನ್ನ ಸೋಲಲ್ಲ, ಇನ್ನೊಬ್ಬರು ಕಿತ್ತುಕೊಂಡದ್ದು ಎಂದು ಹೇಳಿಕೊಳ್ಳಬಹುದಿತ್ತು. ಮನುಷ್ಯನಿಗೆ ಅಷ್ಟಾದರೂ ಬೇಕು. ಅದರ ಬಲದ ಮೇಲೆ ವರ್ಷಗಳು ಹೋದವು. ಸಾಹುಕಾರರ ಮೊಣಕಾಲು ಮಾತ್ರ ನಿಜವಾಗಿಯೂ ಕೆಟ್ಟಿತು. ಮಂಗಳೂರಿನಲ್ಲಿ ಆಪರೇಷನ್ ಮಾಡಿ ಒಳಗೆ ಲೋಹ ಹಾಕಿದರು. ಕೋಲು ಹಿಡಿದು ನಡೆಯುವ ಹಾಗಾದರು.

ಆಮೇಲೆ ಬಂದ ಮಳೆಗಾಲ. ಮೂರು ದಿನ ಬಿಡದೆ ಸುರಿದು ಒಂದು ಬೆಳಿಗ್ಗೆ ಹೊಳವಾಗಿತ್ತು. ಮೇಲಿನ ತೋಟದಲ್ಲಿ ಕಾಫಿ ಎಲೆಗೆ ಕೊಳೆರೋಗ ಬಿದ್ದಿದೆ ಎಂದು ಮೇಸ್ತ್ರಿ ಹೇಳಿದ್ದರಿಂದ, ನೋಡಲೇಬೇಕೆಂದು ಸಾಹುಕಾರರು ಹಟ ಹಿಡಿದು ಹೊರಟರು. ಕಾಲುದಾರಿ, ಹಾಗಾಗಿ ನಾನು ಮುಂದೆ. ಗಿಡಗಳನ್ನು ಕೈಯಿಂದ ಸರಿಸುತ್ತ, ನೀರನ್ನೆಲ್ಲ ಮೈಮೇಲೆ ಸುರಿಸಿಕೊಳ್ಳುತ್ತ ಹತ್ತುತ್ತಿದ್ದೆ. ಹಿಂದೆ ಕೋಲಿನ ಸದ್ದು.

"ನಿಧಾನ ಮಾರಾಯ," ಎಂದರು. "ಅವತ್ತು ಬೆಂಗ್ಳೂರಲ್ಲಿ ನಿಂಗೋಸ್ಕರ ನಾನು ನಿಧಾನ ಮಾಡ್ಲಿಲ್ವಾ?"

ನಾನು ನಿಂತೆ. "ನನಗೋಸ್ಕರನಾ?"

"ಮತ್ತೆ? ನಾಲ್ಕೂವರೆ ಗಂಟೆ ಒಳಗೆ ಮುಗಿಸಿ ನಮ್ ದಾಯಾದಿ ಬಾಯಿ ಮುಚ್ಚಿಸ್ಬೇಕು ಅಂತ ಹೊರಟಿದ್ದೆ ನಾನು. ತಿರುಗಿ ನೋಡ್ದಾಗೆಲ್ಲ ನೀನು ಹಿಂದೆ ಬೀಳ್ತಿದ್ದೆ. ಎಂತ ಮಾಡೋದು, ಕರ್ಕೊಂಡು ಬಂದವ್ನು ನಾನು. ಬಿಟ್ಟು ಹೋಗಕ್ಕೆ ಮನಸ್ಸು ಬರ್ಲಿಲ್ಲ." ಕೋಲಿನ ಮೇಲೆ ಭಾರ ಹಾಕಿ ಉಸಿರು ತಗೊಂಡರು. "ಇನ್ನೂ ಕ್ಲಬ್ಬಲ್ಲಿ ಆಡ್ತಾನೆ ಅವ್ನು. ನಂಗೇನೂ ಬೇಜಾರಿಲ್ಲ ಬಿಡು."

ಅವರ ದನಿಯಲ್ಲಿ ಬೇಜಾರಿತ್ತು. ಅದನ್ನು ಗುರುತಿಸಲು ನನಗೆ ಕಷ್ಟವಾಗಲಿಲ್ಲ, ನನ್ನ ಮನೆಯಲ್ಲೇ ಸಾಕಿಕೊಂಡಿದ್ದ ಬೇಜಾರು ಅದು.

ಅವರು ತಿರುಗಿ ನೋಡಿದ್ದು ನಾನು ಬರುತ್ತಿದ್ದೇನೋ ಇಲ್ಲವೋ ಎಂದು. ನಾನು ನಿಧಾನಿಸಿದ್ದು ಅವರು ತಿರುಗಿ ನೋಡಿದರೆಂದು. ನಾನು ನಿಧಾನಿಸಿದೆನೆಂದು ಅವರು ನಿಧಾನಿಸಿದರು, ಅವರು ನಿಧಾನಿಸಿದರೆಂದು ನಾನು. ಬೆಂಗಳೂರಿನಷ್ಟು ದೊಡ್ಡ ಊರಿನಲ್ಲಿ, ಅಷ್ಟು ಅಗಲದ ರಸ್ತೆಯಲ್ಲಿ, ಇಬ್ಬರು ಗಂಡಸರು ಒಬ್ಬರ ಕಾಲಿಗೊಬ್ಬರು ಕಲ್ಲು ಕಟ್ಟಿಕೊಂಡು ಐದು ಗಂಟೆ ತೆವಳಿದ್ದೆವು. ಇಷ್ಟು ವರ್ಷ ನಾನು ಬೈದ ಬೈಗುಳಗಳಿಗೆಲ್ಲ ವಿಳಾಸವೇ ಇರಲಿಲ್ಲ. ಇದು ನನಗೆ ಸಮಾಧಾನ ಕೊಟ್ಟಿತೆಂದು ನೀವು ಅಂದುಕೊಂಡಿದ್ದರೆ ತಪ್ಪು. ಆ ಓಟದಿಂದ ನನಗೆ ಸಿಕ್ಕಿದ್ದೆಂದರೆ ಆ ಸಿಟ್ಟೊಂದೇ, ಈಗ ಅದೂ ಕೈಬಿಟ್ಟಿತು.

ಆಗ ನಾನು ಹೇಳಿಬಿಟ್ಟೆ. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಅವರಿಗೆ ಎದುರು ಮಾತಾಡಿದ್ದು. "ನಂಗೆ ಸುಸ್ತೇ ಆಗಿರ್ಲಿಲ್ಲ ಸಾವ್ಕಾರ್ರೆ. ನಿಮ್ಮನ್ನ ದಾಟಬಾರ್ದು ಅಂತ ಹಿಂದೆ ಇದ್ದಿದ್ದು. ನಿಮಗಿಂತ ಒಂದು ಗಂಟೆ ಮೊದ್ಲು ಮುಗಿಸ್ತಿದ್ದೆ ನಾನು."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ನಕ್ಕರು. ಕೆಟ್ಟ ನಗುವಲ್ಲ, ಮಕ್ಕಳು ಸುಳ್ಳು ಹೇಳಿದಾಗ ದೊಡ್ಡವರು ನಗುತ್ತಾರಲ್ಲ, ಅದು.

"ಸುಮ್ನಿರು ಮಾರಾಯ. ನಿನ್ ಮುಖ ನಾನು ನೋಡಿಲ್ವಾ ಅವತ್ತು? ಅಳೋ ಹಂಗಿದ್ದೆ."

ಅಳು ಬಂದದ್ದು ಹೌದು. ಅದು ಯಾಕೆಂದು ಈಗ ಯಾವ ಬಾಯಿಂದ ಹೇಳಲಿ? ಅವರು ನನ್ನ ಮಾತು ನಂಬಲಿಲ್ಲ. ನಿಜ ಹೇಳಬೇಕೆಂದರೆ ಅವರ ನಾಲ್ಕೂವರೆ ಗಂಟೆಯನ್ನು ನಾನೂ ನಂಬಲಿಲ್ಲ. ಜೀಪಿನಿಂದ ಇಳಿಯಲಾಗದೆ ನನ್ನ ಹೆಗಲು ಹಿಡಿದದ್ದನ್ನು ನಾನು ಮರೆತಿರಲಿಲ್ಲ. ಇದನ್ನು ಇತ್ಯರ್ಥ ಮಾಡಬಹುದಾಗಿದ್ದ ಗಡಿಯಾರ ಯಾವಾಗಲೋ ನಿಂತುಹೋಗಿತ್ತು. ಅವರ ಕಾಲಲ್ಲಿ ಲೋಹ, ನನ್ನ ಬೂಟು ಅಟ್ಟದ ಮೇಲೆ ಇಲಿಗಳ ಪಾಲು.

"ಹೋಗು, ನಡಿ," ಎಂದರು.

ನಡೆದೆ. ಆ ದಿನ ನಾನು ನಿಧಾನಿಸಲಿಲ್ಲ. ಬೇಕೆಂದೇ ಜೋರಾಗಿ ಹೆಜ್ಜೆ ಹಾಕಿದೆ, ಏರಿನಲ್ಲಿ ಓಡಿದೆನೆಂದೇ ಹೇಳಬೇಕು. ಗಿಡಗಳು ಎರಡೂ ಕಡೆಯಿಂದ ಮೈಗೆ ಬಡಿದು ನೀರು ಚಿಮ್ಮುತ್ತಿತ್ತು. ಕೋಲಿನ ಸದ್ದು ದೂರವಾಯಿತು, ಇನ್ನೂ ದೂರವಾಯಿತು, ಆಮೇಲೆ ಕೇಳಿಸಲೇ ಇಲ್ಲ. ನಲವತ್ತು ದಾಟಿದ್ದರೂ ಎದೆ ಉಬ್ಬಸ ಪಡಲಿಲ್ಲ. ಮುಂದೆ ಯಾವ ಬೆನ್ನೂ ಇರಲಿಲ್ಲ. ಇಷ್ಟಕ್ಕಾಗಿ ನಾನು ಎಷ್ಟು ವರ್ಷ ಕಾದೆ ಎನಿಸಿತು.

"ರೈಟ್ರೇ," ಎಂದು ಕೆಳಗಿನಿಂದ ಒಂದು ಕರೆ ಬಂತು. ಜೋರಾಗಿಯೂ ಅಲ್ಲ. ಕಾಲು ಜಾರಿದ್ದರೋ, ಸುಮ್ಮನೇ ಕರೆದರೋ ಗೊತ್ತಿಲ್ಲ.

ನಿಲ್ಲಬೇಕೆಂದು ನಾನು ಯೋಚಿಸಲಿಲ್ಲ. ಕಾಲು ತಾನಾಗಿಯೇ ನಿಂತಿತು. ತಿರುಗಿ, ಓಡಿಕೊಂಡೇ ಕೆಳಗಿಳಿದೆ.